ನಾಲ್ಕು ಇಲ್ಲದ ಬೋರ್ಡು

ಜೂನ್ 2, ಮಂಗಳವಾರ

ಮತ್ತೆ ಅದೇ. ಸರ್ಕ್ಯೂಟ್ ಬೋರ್ಡಿಗೆ ಕರೆಂಟ್ ಕೊಟ್ಟೆ. ಪರದೆಯ ಮೇಲೆ ಸಾಲುಗಳು ಚಕಚಕ ಬಂದವು. ಕೊನೆಗೆ ‘ಕರ್ನಲ್ ಶುರು’ ಎಂದಿತು. ಆಮೇಲೆ ಗಪ್‌ಚಿಪ್. ಬೋರ್ಡನ್ನು ನಡೆಸಬೇಕಾದ ಲಿನಕ್ಸ್, ಅದರ ತಿರುಳಾದ ಕರ್ನಲ್, ಎದ್ದಿತೋ, ಎಡವಿ ಬಿತ್ತೋ, ದೇವರೇ ಬಲ್ಲ. ಕೋಡನ್ನೆಲ್ಲ ಹೊಸದಾಗಿ ಜೋಡಿಸಲು ಮತ್ತೆ ಬಿಲ್ಡ್ ಹಚ್ಚಿದೆ. ಮುಗಿಯುವುದು ಸಂಜೆಗೆ.

ಮಧ್ಯಾಹ್ನ ಚಿಗು ಊರಿಂದ ಅತ್ತೆಯ ಫೋನ್. ಊಟ ಆಯಿತಾ ಎಂದು ಕೇಳುವ ಪೈಕಿ ಅಲ್ಲ. ಈ ಸೋದರತ್ತೆಯ ಮೊದಲ ಮಾತು ಯಾವತ್ತೂ ಹೂಮೀನಿನ ಕೊಳವೇ.

“ಕೊಳದ ನೀರು ಮತ್ತೆ ಕೆಟ್ಟಿತ್ತು ಕಣೇ ಆ-ಹ್ವೇ. ಮೀನೆಲ್ಲ ಬಾಯಿ ಮೇಲೆತ್ತಿದ್ವು. ಓಡಿಹೋಗಿ ನೀರು ಚಿಮ್ಮಿಸೋ ಚಕ್ರ ಹಾಕ್ದೆ. ನಿನ್ನ ಪೆಟ್ಟಿಗೆ ಎಲ್ಲೇ?”

“ಬರ್ತಾ ಇದೆ ಅತ್ತೆ.”

“ನನ್ನ ಮಗಳ ಹೆರಿಗೆಗೆ ಮುಂಚೆ ಬರುತ್ತಾ, ಇಲ್ಲಾ ಮಗು ಸ್ಕೂಲಿಗೆ ಹೋದ್ಮೇಲಾ?”

ಗಾವ್‌ಶ್ಯೂಂಗ್ ಪಟ್ಟಣದಲ್ಲಿ ಅತ್ತೆಯ ಮಗಳು ಯೂ-ಚಿಂಗ್‌ಗೆ ದಿನ ತುಂಬುತ್ತಿದೆ. ಚೊಚ್ಚಲು. ಬಾಣಂತನಕ್ಕೆ ಅತ್ತೆ ಹೋಗಲೇಬೇಕು. ಶುಂಠಿ, ಎಳ್ಳೆಣ್ಣೆಯ ಕೋಳಿ, ಎಲ್ಲ ಅವಳ ಕೈಯದೇ ಆಗಬೇಕು. ಆದರೆ ಮಾವನನ್ನು ನಂಬಿ ಕೊಳ ಬಿಟ್ಟು ಒಂದು ಹೊತ್ತೂ ಏಳುವ ಹಾಗಿಲ್ಲ. ನೀರಿನಲ್ಲಿ ಗಾಳಿ ಕಡಿಮೆಯಾದರೆ ತಾನೇ ಚಕ್ರ ತಿರುಗಿಸುವ ಪೆಟ್ಟಿಗೆ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟವಳು ನಾನು. ಬಾಯಿ ಸುಮ್ಮನಿರಲಾರದೆ. ಈ ಬೋರ್ಡು ಅದರದೇ ಮಿದುಳು.

ಜೂನ್ 4, ಗುರುವಾರ

ಮೆಮೊರಿಯ ಲೆಕ್ಕ ಬದಲಿಸಿದೆ. ಮೌನ. ಹಳೇ ಕರ್ನಲ್ ಹಾಕಿದೆ. ಮೌನ.

ಬೋರ್ಡ್ ವಿನ್ಯಾಸ ಮಾಡಿದ ಆ-ಶ್ಯಾಂಗ್ ಬಂದು ಇಣುಕಿದ. “ಬೋರ್ಡ್ ಚಿನ್ನದಂಥದ್ದು ಅಕ್ಕ. ತೊಂದರೆ ಇದ್ರೆ ನಿಮ್ಮ ಲಿನಕ್ಸಲ್ಲೇ.”

“ನಿನ್ನ ಚಿನ್ನಕ್ಕೆ ಯಾರದೋ ಕಣ್ಣು ಬಿದ್ದಿದೆ, ಹೋಗು!”

ತಮಾಷೆಗೆ ಅಂದೆ. ಮಹಾಶಯ ನಿಜವಾಗಿ ಹೋಗಿ ತಿಂಡಿಯ ಹಸಿರು ಪೊಟ್ಟಣ ತಂದು ಬೋರ್ಡಿನ ಪಕ್ಕ ಇಟ್ಟ. ಹಸಿರು ಪೊಟ್ಟಣ ಪಕ್ಕದಲ್ಲಿದ್ದರೆ ಯಂತ್ರ ಹೇಳಿದ ಮಾತು ಕೇಳುತ್ತದೆ ಎಂದು ನಮ್ಮಲ್ಲಿ ಎಲ್ಲರ ನಂಬಿಕೆ. ಕೇಳಲಿಲ್ಲ.

ಜೂನ್ 9, ಮಂಗಳವಾರ

ಯೂ-ಚಿಂಗ್ ಫೋನಿನಲ್ಲಿ ಅತ್ತಳು. “ಅಮ್ಮಂಗೆ ನಾನು ಹೆಚ್ಚೋ, ಮೀನು ಹೆಚ್ಚೋ?” ಫೋನಿಟ್ಟು ಮತ್ತೆ ಬೋರ್ಡಿನ ಮುಂದೆ ಕೂತೆ. ಬಿಲ್ಡ್... ಮೌನ.

ಜೂನ್ 10, ಬುಧವಾರ

ಅಯ್ಯೋ ದೇವರೇ.

ಬೆಳಿಗ್ಗೆ ಲಿಫ್ಟ್ ಕೆಟ್ಟಿತ್ತು. ಪೇಟೆಗೆ ಮೀನು ಕೊಡಲು ಬಂದಿದ್ದ ಅತ್ತೆ, ಹೇಳದೆ ಕೇಳದೆ ಮೆಟ್ಟಿಲು ಹತ್ತಿ ನಮ್ಮ ಆಫೀಸಿಗೇ ಬಂದಳು. ಏದುಸಿರು.

“ಕೊಳಕ್ಕೆ ಪಕ್ಕದ ಮನೆಯವನ್ನ ಕಾವಲಿಟ್ಟು ಬಂದಿದೀನಿ, ಬೇಗ ತೋರಿಸು. ಐದನೇ ಮಹಡಿ ಅಂತ ಎದೆ ಹೊಡ್ಕೊಂಡಿತ್ತು. ಗೋಡೆ ಮೇಲೆ ಐದು ಅಂತ ಬರೆದ್ರೇನು, ಇದು ನಾಲ್ಕನೇದೇ. ಮಂಡಿಗೆ ಸುಳ್ಳು ಹೇಳೋಕಾಗಲ್ಲ.”

ನಿಜ. ಈ ಕಟ್ಟಡದಲ್ಲಿ ಮೂರರ ಮೇಲೆ ಐದು. ನಮ್ಮ ಭಾಷೆಯಲ್ಲಿ ನಾಲ್ಕು ಎಂದರೆ ಸಾವು ಎಂದ ಹಾಗೇ ಕೇಳುತ್ತದೆ. ಆ ಮಹಡಿಗೆ ಬಾಡಿಗೆಗೆ ಯಾರು ಬರುತ್ತಾರೆ? ದಿನಾ ಓಡಾಡಿಯೂ ತಲೆಗೆ ಹೋಗಿರಲಿಲ್ಲ...

ಬೋರ್ಡ್ ಎತ್ತಿ ನೋಡಿದೆ. ವೈರ್ ಸಿಕ್ಕಿಸುವ ಪೋರ್ಟುಗಳು — ಒಂದು, ಎರಡು, ಮೂರು, ಐದು.

“ಆ-ಶ್ಯಾಂಗ್! ನಾಲ್ಕು ಎಲ್ಲೋ?”

“ಬೋರ್ಡ್ ಮೇಲೆ ಯಾರಕ್ಕ ನಾಲ್ಕು ಬರೀತಾರೆ? ಬೋರ್ಡ್ ಸತ್ತುಹೋದ್ರೆ?”

“ಸತ್ತ ಹಾಗೇ ಬಿದ್ಕೊಂಡಿತ್ತಲ್ಲೋ ಪುಣ್ಯಾತ್ಮ, ಇಷ್ಟು ದಿನ!”

ನಾನು ಪರದೆಯ ವೈರ್ ಸಿಕ್ಕಿಸಿದ್ದ ಪೋರ್ಟಿಗೆ ಬೋರ್ಡಿನ ಮೇಲೆ ಐದು. ಒಳಗಿನ ಚಿಪ್ಪಿಗೆ ಅದು ನಾಲ್ಕು. ಚಿಪ್ ಮಾಡಿದವರು ಬರೆದಿಟ್ಟ ಮೊದಲ ಸಾಲುಗಳು ನಾಲ್ಕರಲ್ಲೇ ಬರುತ್ತಿದ್ದವು, ಅದಕ್ಕೇ ಪರದೆಯಲ್ಲಿ ಕಾಣುತ್ತಿದ್ದವು. ಅಚ್ಚಾದದ್ದನ್ನು ನಂಬಿ, ನಿನ್ನ ಮಾತೆಲ್ಲ ಐದರಲ್ಲಿ ಹೇಳು ಎಂದು ಕರ್ನಲ್‌ಗೆ ಬರೆದವಳು ನಾನು. ಪಾಪ, ಅದು ಮೊದಲ ದಿನದಿಂದಲೂ ಎದ್ದು ಕೂತು, ವೈರೇ ಇಲ್ಲದ ಕಡೆ ಬಡಬಡಿಸುತ್ತಿತ್ತು.

ಒಂದೇ ಅಂಕಿ ತಿದ್ದಿದೆ. ಕರೆಂಟ್ ಕೊಟ್ಟೆ. ಸಾಲಿನ ಮೇಲೆ ಸಾಲು, ಸಾಲಿನ ಮೇಲೆ ಸಾಲು... ಕೊನೆಗೆ ‘ನೀನು ಯಾರು, ಹೆಸರು ಹೇಳು’ ಎಂದು ಕೇಳುತ್ತಾ ನಿಂತಿತು. ಅತ್ತೆಯ ಮೀನುವಾಸನೆಯ ತೋಳು ಹಿಡಿದುಕೊಂಡು ಅಳುವುದೊಂದು ಬಾಕಿ.

“ಏನೇ ಇದು, ಇಷ್ಟೊಂದು ಮಾತಾಡುತ್ತೆ?”

“ಮಾತಾಡಲಿ ಬಿಡು ಅತ್ತೆ. ಮಾತಾಡಲಿ.”

ಜೂನ್ 15, ಸೋಮವಾರ

ಪೆಟ್ಟಿಗೆ ಕೊಳದ ಕಂಬಕ್ಕೆ ಏರಿತು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ಪರೀಕ್ಷೆಗೆ ನಿಂತಳು. ಸೆಖೆ. ಮೀನು ಮೇಲೆ ಬರುವ ಮುಂಚೆಯೇ ಚಕ್ರ ತಿರುಗಿತು.

“ಹೇಳಿಸ್ಕೊಳ್ದೆ ಎದ್ದು ಕೆಲಸ ಮಾಡುತ್ತೆ. ಈ ಮನೇಲಿ ಇದೇ ಮೊದಲು.” ಮಾವ ಕೇಳಿಸಲಿಲ್ಲವೆಂಬಂತೆ ಬಲೆ ಒಣಹಾಕುತ್ತಿದ್ದರು.

ಸಂಜೆಯ ಬಸ್ಸಿಗೆ ಹೊರಟಳು, ಎಳ್ಳೆಣ್ಣೆಯ ಡಬ್ಬಿಗಳ ಸಮೇತ. ಹಗುರಾಯಿತು ನನಗೆ.

ಜೂನ್ 18, ಗುರುವಾರ

ಗಾವ್‌ಶ್ಯೂಂಗಿನಿಂದ ಫೋನಿನ ಮೇಲೆ ಫೋನ್. ಬರೀ ಕೊಳದ್ದೇ. “ಚಕ್ರ ತಿರುಗ್ತಾ? ನಿಜ ಹೇಳು. ಒಂದ್ಸಲ ಹೋಗಿ ನೋಡಿ ಬಾರೇ.” ಯೂ-ಚಿಂಗ್ ಹೇಗಿದ್ದಾಳೆ ಎಂದು ನಾನೇ ಕೇಳಬೇಕು. ಎಲ್ಲ ತಿರುಗುತ್ತಿದೆ ಮಹಾತಾಯಿ.

ಜೂನ್ 21, ಭಾನುವಾರ, ಬೆಳಿಗ್ಗೆ

ಸೋಯಾ ಹಾಲು ಕುದಿಯುತ್ತಿತ್ತು. ಅತ್ತೆಯ ಫೋನ್. ಚಕ್ರ ತಿರುಗುತ್ತಿದೆ ಎಂದು ಮೊದಲೇ ಹೇಳಿದೆ, ಕೇಳುವ ಮುಂಚೆ.

“ಯಾವ ಚಕ್ರ?” ಎಂದಳು.

ಆಮೇಲೆ ಫೋನನ್ನು ಎಲ್ಲೋ ಹಿಡಿದಳು. “ಕೇಳಿಸ್ತಾ? ಆ-ಹ್ವೇ, ಕೇಳಿಸ್ತಾ?”

ಕೇಳಿಸಿತು. ಏನು ಅಳು, ಏನು ಗಂಟಲು ಆ ಪುಟ್ಟ ಹುಡುಗಿಗೆ! ಹಾಲು ಉಕ್ಕಿ ಒಲೆಯೆಲ್ಲ... ಉಕ್ಕಲಿ. ಆ-ಶ್ಯಾಂಗ್‌ಗೆ ಈಗಲೇ ಹೇಳಬೇಕು, ಅವನ ಬೋರ್ಡು ನನ್ನ ಮಾತು ಉಳಿಸಿತು ಎಂದು.