ಅಕ್ಕನ ಬಲಗೈ ಮುಟ್ಟದ ಊರು

ಆರೋಗ್ಯ ಇಲಾಖೆಯ ಮಾನ್ಯ ದೊಡ್ಡ ಡಾಕ್ಟರೇ,

ನೀವು ಹೋದ ತಿಂಗಳು ನಮ್ಮ ಉಮಾಟಾಕ್ ಊರಿಗೆ ಬಂದು ಹೋದಾಗಿನಿಂದ ನಮ್ಮನೆಗೆ ಯಾರೂ ಬರ್ತಿಲ್ಲ. ಇದನ್ನ ನಿಮ್ಮ ಆಫೀಸಿಗೆ ಬಂದು ಹೇಳಿದ್ರೆ ಬೆಂಚಿನ ಮೇಲೆ ಕೂರಿಸಿ ರಕ್ತ ತಗೊಂಡು ಕಳಿಸ್ತೀರಿ. ಅದಕ್ಕೇ ಪೇಪರ್‌ಗೆ ಬರೀತಿದೀನಿ. ನಾನು ಓದಿರೋದು ಕಮ್ಮಿ, ತಪ್ಪಿದ್ರೆ ನೀವೇ ತಿದ್ಕೊಳ್ಳಿ.

ಅವತ್ತು ಚರ್ಚಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ ಮೈಕ್ ಹಿಡಿದು ಏನಂದ್ರಿ? ಲಿಟಿಕೊ-ಬೊಡಿಗ್ ರೋಗ ಯಾಕೆ ಬರುತ್ತೋ ಇನ್ನೂ ಗೊತ್ತಾಗಿಲ್ಲ. ಫದಂಗ್ ಮರದ ಕಾಯಿ ಹಿಟ್ಟಿನ ವಿಷ ಇರಬಹುದು, ಆ ಕಾಯಿ ತಿನ್ನೋ ಬಾವಲಿಯ ಸಾರು ಇರಬಹುದು, ಮಣ್ಣು-ನೀರು ಇರಬಹುದು, ರಕ್ತದಲ್ಲೇ ಇಳಿದು ಬರಬಹುದು. ಇಷ್ಟು 'ಬಹುದು' ಹೇಳೋಕೆ ನಾನೇ ಸಾಕಾಗಿತ್ತಲ್ಲ, ನನಗೆ ಸರ್ಕಾರಿ ಕಾರೂ ಬೇಕಿರಲಿಲ್ಲ. ಆಮೇಲೆ "ಉದಾಹರಣೆಗೆ ಈ ಮನೆತನ" ಅಂತ ನಾನೂ ಅಕ್ಕನೂ ಕೂತಿದ್ದ ಸಾಲಿಗೆ ಬೆರಳು ತೋರಿಸಿದ್ರಿ. ಕಾರಣ ಗೊತ್ತಿಲ್ಲ, ಮನೆ ಮಾತ್ರ ಗೊತ್ತು. ಇದ್ಯಾವ ಸೀಮೆ ವಿಜ್ಞಾನ ಸ್ವಾಮಿ?

ನಮ್ಮಪ್ಪ ಇದೇ ರೋಗದಲ್ಲಿ ಕೈಕಾಲು ಸೋತು ತೀರಿಹೋದ. ಅಣ್ಣ ಮರದ ಹಾಗೆ ಬಿಗಿದು ಹೋದ. ಈಗ ಅಕ್ಕ ಇಗ್ನಾಸಿಯಾ. ಬಲಗೈ ನಡುಗುತ್ತೆ, ಮುಖ ಗಟ್ಟಿಯಾಗ್ತಿದೆ, ನನ್ನ ಜೋಕಿಗೆ ನಗೋಕಾಗಲ್ಲ. ಮೊದಲೂ ನಗ್ತಿರಲಿಲ್ಲ ಬಿಡಿ, ಈಗ ನೆಪ ಸಿಕ್ಕಿದೆ. ರಕ್ತ ಅನ್ನೋದಾದ್ರೆ, ಈ ಊರಲ್ಲಿ ಯಾವ ಬಾಗಿಲು ತಟ್ಟಿದ್ರೂ ತೆಗೆಯೋದು ನಮ್ಮ ನೆಂಟರೇ. ಹಿಟ್ಟು ಅನ್ನೋದಾದ್ರೆ, ಯುದ್ಧದ ಕಾಲದಲ್ಲಿ ಎಲ್ರೂ ತಿಂದಿದ್ದು ಅದನ್ನೇ, ಅದೂ ನಮ್ಮಮ್ಮನ ಒಲೆ ಮುಂದೆ ಕೂತು. ಅಮ್ಮ ಕಾಯಿ ನೆನೆಸಿ ನೆನೆಸಿ ನೀರು ಚೆಲ್ಲೋಳು. ಕೊನೇ ನೀರು ಕೋಳಿಗೆ ಕುಡಿಸೋಳು. ಕೋಳಿ ಓಡಾಡ್ಕೊಂಡಿದ್ರೆ ವಿಷ ಹೋಯ್ತು, ರೊಟ್ಟಿ ತಟ್ಟಬಹುದು. ಕೋಳಿ ಯಾವಾಗ್ಲೂ ಪಾಸು. ಆದ್ರೆ ಈ ರೋಗ ಅರ್ಧ ಆಯಸ್ಸು ಕಾದು ಬರುತ್ತೆ, ಅಷ್ಟು ದಿನ ಬದುಕೋ ಕೋಳಿ ಯಾರ ಮನೇಲಿದೆ?

ನಮ್ಮಲ್ಲಿ ಚಿಕ್ಕೋರು ಎದುರು ಸಿಕ್ಕ ಹಿರಿಯರ ಬಲಗೈ ಹಿಡಿದು ತಮ್ಮ ಮೂಗಿಗೆ ತಾಗಿಸ್ತಾರೆ, ಅದೇ ನಮಸ್ಕಾರ. ಈಗ ಮಕ್ಕಳು ಬೇಲಿ ಆಚೆಯಿಂದಲೇ ಅಕ್ಕನಿಗೆ ಟಾಟಾ ಮಾಡ್ತಾವೆ. ಊರಹಬ್ಬದ ಊಟಕ್ಕೆ ನಾನು ಮಾಡ್ಕೊಂಡು ಹೋದ ಕೆಂಪನ್ನಕ್ಕೆ ಯಾರೂ ಸೌಟು ಹಾಕಲಿಲ್ಲ. ಪಾತ್ರೆ ಹಾಗೇ ವಾಪಸ್ ತಂದೆ. ಅಕ್ಕ ನೋಡಿ, "ಉಪ್ಪು ಜಾಸ್ತಿ ಆಗಿತ್ತೇನೋ" ಅಂದ್ಲು. ಈಗ ಸಂಜೆ ಜೋಕ್ ಹೇಳೋನೂ ನಾನೇ, ನಗೋನೂ ನಾನೇ.

ಈ ಶನಿವಾರ ನಮ್ಮೂರ ಹುಡುಗಿ ಮರಿಲೂ ಮದುವೆ. ಹಸುಗೂಸಾಗಿದ್ದಾಗ ಚರ್ಚಲ್ಲಿ ಜ್ಞಾನಸ್ನಾನದ ದಿನ ಅವಳನ್ನ ಎತ್ಕೊಂಡು ಜ್ಞಾನತಾಯಿ ಆಗಿದ್ದು ನಮ್ಮಕ್ಕ. ಮದುಮಗಳು ಚರ್ಚಿಗೆ ಹೋಗೋ ಮುಂಚೆ ಆ ಜ್ಞಾನತಾಯಿಯ ಕೈ ಮೂಗಿಗೆ ತಾಗಿಸಿ ಹೋಗಬೇಕು. ಅವಳಮ್ಮ ಕಾರ್ಮೆನ್ ನನ್ನ ಜೊತೆ ಆಡಿ ಬೆಳೆದೋಳು. ಹೋಗಿ ಕೇಳಿದೆ.

"ಬೇಜಾರು ಮಾಡ್ಕೋಬೇಡ ಕಣೋ ವಿಸೆಂತೆ. ಅವಳಿಗೂ ನಾಳೆ ಮಕ್ಕಳಾಗಬೇಕು."

"ಕೈ ಮುಟ್ಟಿದ್ರೆ ಬರುತ್ತೇನೇ?"

"ನಂಗೇನು ಗೊತ್ತು? ಆ ಡಾಕ್ಟರಿಗೇ ಗೊತ್ತಿಲ್ವಲ್ಲ."

ನೋಡಿ ಡಾಕ್ಟರೇ, ಮುಟ್ಟಿದ್ರೆ ಬರಲ್ಲ ಅನ್ನೋದೊಂದು ನಿಮಗೆ ಖಚಿತವಾಗಿ ಗೊತ್ತಿತ್ತು. ಅಷ್ಟೆಲ್ಲ ಮಾತಾಡಿದ್ರಿ, ಅದೊಂದನ್ನ ಹೇಳಲಿಲ್ಲ.

ಅಕ್ಕನಿಗೆ ನಾನಿನ್ನೂ ಹೇಳಿಲ್ಲ. ಅವಳು ದಿನಾ ಎಡಗೈಯಲ್ಲಿ ಬಲಗೈ ಅದುಮಿ ಹಿಡ್ಕೊಂಡು ಕೂರ್ತಾಳೆ. ಯಾಕೇ ಅಂದ್ರೆ, "ಶನಿವಾರ ನಡುಗಬಾರದು ಕಣೋ, ಮಗು ಹೆದರ್ಕೊಳ್ಳುತ್ತೆ" ಅಂತಾಳೆ.

ಶನಿವಾರ ಬೆಳಿಗ್ಗೆ ನೀವು ಬರಬೇಕು. ಸೂಜಿ ಬೇಡ, ಶೀಶೆ ಬೇಡ, ಭಾಷಣವಂತೂ ಬೇಡವೇ ಬೇಡ. ಚರ್ಚಿನ ಮೆಟ್ಟಿಲ ಮೇಲೆ, ಕಾರ್ಮೆನ್ ನೋಡೋ ಹಾಗೆ, ಮರಿಲೂ ನೋಡೋ ಹಾಗೆ, ನನ್ನಕ್ಕನ ಬಲಗೈ ಹಿಡಿದು ನಿಮ್ಮ ಮೂಗಿಗೆ ತಾಗಿಸಿ. ನಡುಗಿದ್ರೆ ಬಿಡಬೇಡಿ, ಇನ್ನೂ ಸ್ವಲ್ಪ ಗಟ್ಟಿಯಾಗಿ ಹಿಡ್ಕೊಳ್ಳಿ.

ಇಂತಿ,
ಬೆಳಗೆದ್ದ ಕೂಡ್ಲೇ ತನ್ನ ಕೈಯನ್ನೂ ಚಾಚಿ ನೋಡ್ಕೊಳ್ಳೋ ತಮ್ಮ,
ವಿಸೆಂತೆ
ಉಮಾಟಾಕ್, ಗುವಾಮ್ ದ್ವೀಪ