ಬಂದರಿನ ಹೊರಗೆ ನಿಂತ ಹಡಗು

ಕೊಳಂಬೊ, 25 ಮೇ 2022

ಪ್ರೀತಿಯ ಅಪ್ಪ,

ಇದನ್ನು ಬರೆಯದೆ ಬಿಡಬೇಕೆಂದೇ ಇದ್ದೆ. ಗ್ಯಾಸ್ ಹಡಗು ಬಂದಿದೆ, ಹೋದ ವಾರದ ಮಂಗಳವಾರ ಗ್ಯಾಸ್ ಹಂಚುತ್ತಾರೆ ಎಂಬ ಸುದ್ದಿ ಬರೆದದ್ದು ನಾನೇ. ಸರ್ಕಾರ ಡಾಲರ್ ಕಟ್ಟದ ಕಾರಣ ಆ ಹಡಗು ಬಂದರಿನ ಹೊರಗೇ ನಿಂತಿದೆಯೆಂದು ಆಗಲೇ ನನಗೆ ಗೊತ್ತಿತ್ತು. "ಇನೋಕಾ, ಸರ್ಕಾರಿ ಜಾಹೀರಾತು ಬಿಟ್ಟರೆ ನಮ್ಮ ಸಂಬಳಕ್ಕೆ ಬೇರೆ ದಾರಿ ಇಲ್ಲಮ್ಮ" ಎಂದರು ಸಂಪಾದಕರು. ಇಲಾಖೆ ಕಳಿಸಿದ್ದನ್ನು ಹಾಗೆಯೇ ಹಾಕಿದೆ. ಹೆದರಿದ್ದೆನೋ, ಸುಸ್ತಾಗಿದ್ದೆನೋ, ಇನ್ನೂ ತಿಳಿಯದು.

ನೀವು ಎಂದಿನಂತೆ ನಮ್ಮ ಪತ್ರಿಕೆಯನ್ನು ಊರಿನ ಗ್ಯಾಸ್ ಸರದಿಯಲ್ಲಿದ್ದವರಿಗೆ ಓದಿ ಹೇಳಿದಿರಂತೆ. ಅವರು ಸರದಿ ತಪ್ಪದಂತೆ ಸಿಲಿಂಡರುಗಳನ್ನು ಸರಪಳಿಯಿಂದ ಬಿಗಿದು ಎರಡು ದಿನ ಕಾದರಂತೆ. "ಮೇಷ್ಟ್ರೇ, ಮಗಳ ಹಡಗು ನಮ್ಮೂರು ಕೇಗಲ್ಲೆವರೆಗೂ ನಡ್ಕೊಂಡು ಬರ್ತಿದೆಯಾ?" ಎಂದು ಸರದಿಯಲ್ಲಿದ್ದ ಸಿರಿಪಾಲ ಅಣಕಿಸಿದಾಗ, "ನನ್ನ ಮಗಳು ಸುಳ್ಳು ಬರೆಯೋಳಲ್ಲ ಕಣೋ" ಅಂದಿರೆಂದು ತಂಗಿ ಹೇಳಿದಳು.

ಈ ಭಾನುವಾರದ ಸಂಚಿಕೆಯಲ್ಲೂ ಅಂಥದೇ ಸುದ್ದಿ ಬರಲಿದೆ. ಅದನ್ನು ಓದಬೇಡಿ. ಬದಲಿಗೆ ಈ ಕಾಗದವನ್ನು, ನನ್ನ ಹೆಸರು ಸಮೇತ, ಸರದಿಯವರ ಮುಂದೆ ಓದಿ. ಕೆಲಸ ಹೋದರೆ ಊರಿಗೆ ಬರುತ್ತೇನೆ. ಹಿಂದಿನ ಕೋಣೆ ಗುಡಿಸಿಡಲು ತಂಗಿಗೆ ಹೇಳಿ.

ನಿಮ್ಮ
ಇನೋಕಾ

ಭಾನುವಾರಕ್ಕೆ ಮೊದಲೇ ನಿಮ್ಮ ಕೈ ಸೇರಲೆಂದು ನಾಳೆ, ಮೇ 26ರಂದು, ಅಂಚೆಗೆ ಹಾಕುತ್ತೇನೆ.