ಪಿಳ್ಳಿ ಇನ್ನಾ ಹೊಂದಿಲ್ಲ

ಅಕ್ಕಾ,

ಹ್ಯಾಂಗ ಅದಿ ಅಂತ ಬರೀಬೇಕಂದ್ರ ಕೈ ಏಳವಲ್ದು. ಮಣ್ಣಾಗ ಹೋದಾಕಿಗೆ ಏನಂತ ಕೇಳಲಿ? ಆದ್ರ ನಿನಗ ಹೇಳಲಿಲ್ಲಂದ್ರ ನನಗ ರೊಟ್ಟಿ ಗಂಟಲದಾಗ ಇಳಿಯಂಗಿಲ್ಲ. ಬೈಯೂದೂ ಅದ, ಹೇಳೂದೂ ಅದ. ಮದಲ ಬೈತೀನಿ, ಕೇಳು.

ಕಲ್ಯಾಣದ ದವಾಖಾನ್ಯಾಗ ಆ ದಿನ ನನ್ನ ಕೈ ಹಿಡಕೊಂಡು ಏನಂದಿ, ನೆನಪದ ಏನು? ನಿನ್ನ ಕಣ್ಣು ಅರಿಷಿಣ ಹಚ್ಚಿದಂಗ ಆಗಿದ್ದವು. "ಶಾಂತಾ, ನನ್ನ ಕೋಳಿ ನೋಡ್ಕೋ" ಅಂದಿ. ಕೋಳಿ! ಕಾಲ ಕಡಿ ಭಾವ ನಿಂತಿದ್ದ, ಮಗ್ಗಲದಾಗ ನಿನ್ನ ಮಗಳು ಸುನಂದಾ ನಿನ್ನ ಸೆರಗು ಬೆರಳಿಗೆ ಸುತ್ತಿಕೊಂಡು ನಿಂತಿದ್ದಳು. ಹನ್ನೆರಡು ವರ್ಷದ ಹುಡುಗಿ. ಆಕಿ ಹೆಸರು ಯಾಕ ತಗೀಲಿಲ್ಲ ನೀ? ಕಾಮಾಲಿ ಆಗ್ಯದ, ಜಲ್ದಿ ದವಾಖಾನಿಗೆ ನಡಿ ಅಂದ್ರ ಎಲಿ ಔಷಧ ಕುಡೀತೀನಿ ಅಂತ ಕುಂತಿ, ಅದೊಂದು ಸಿಟ್ಟು. ಈ ಸಿಟ್ಟು ಅದಕ್ಕಿಂತ ದೊಡ್ಡದಾಗಿತ್ತು ನನಗ.

ಹೋಳಿ ಹುಣ್ಣಿಮಿ ಆದ ಮ್ಯಾಲ ನಿಮ್ಮೂರು ರಾಜೇಶ್ವರದಾಗ ನಿಮ್ಮ ಮನಿಗೆ ಹೋದೆ. ಭಾವ ಮತ್ತೊಬ್ಬಾಕಿನ್ನ ತಂದಿದ್ದ ಅಕ್ಕಾ. ನಿನ್ನ ವರ್ಷಾನೂ ತುಂಬಿದ್ದಿಲ್ಲ. ಆಕಿನೂ ಗಂಡ ಸತ್ತಾಕಿ, ಬಗಲಾಗ ಒಂದು ಕೂಸು. ಆಕಿ ಮ್ಯಾಲ ನನಗೇನೂ ಹಗೆ ಇಲ್ಲ, ಆಕಿದು ಆಕಿಗೆ. ಆದ್ರ ನಿನ್ನ ದೊಡ್ಡ ಕೋಳಿ ಅಷ್ಟೂ ಮಾರಿಬಿಟ್ಟಿದ್ರು. ನಿನ್ನ ಕರಿ ಕೋಳಿ ಕಡೀ ಸಲ ಕಾವಿಗೆ ಕುಂತು ಎಬ್ಬಿಸಿದ ನಾಕು ಪಿಳ್ಳಿ ಉಳಿದಿದ್ದವು, ಆಗಲೇ ರೆಕ್ಕಿ ಬಲಿತಿದ್ದವು. ಸುನಂದಾ ಅವನ್ನ ಉಡಿಯಾಗ ಹಾಕ್ಕೊಂಡು ಕುಂತಿದ್ದಳು. ಯಾರಿಗೂ ಕೊಡವಲ್ಲಳು, ಮಾತೂ ಆಡವಲ್ಲಳು. ನೀ ಹೋದಾಗಿಂದ ಹಂಗ ಇದ್ದಳಂತ.

"ಒಯ್ಯವಾ ಶಾಂತಾ, ನಿಮ್ಮಕ್ಕ ನಿನಗ ಹೇಳಿ ಹೋಗ್ಯಾಳ" ಅಂದ ಭಾವ. "ಹುಡುಗಿನೂ ಜೋಡಿ ಬರಲಿ. ಪಿಳ್ಳಿ ನಿಮ್ಮ ಕೋಳ್ಯಾಗ ಹೊಂದೋತನ ಇರಲಿ, ಆಮ್ಯಾಲ ಕಳಿಸು. ನಾವಿಬ್ರೂ ಹೊಲಕ್ಕ ಹೋದ್ರ ಕೂಸಿನ್ನ ಆಡಿಸಾಕ ಒಬ್ಬರು ಬೇಕು."

"ಮತ್ತ ಸಾಲಿ?" ಅಂದೆ.

"ಹೆಣ್ಣ ಹುಡುಗಿಗೆ ಅಷ್ಟ ಸಾಕು ಬಿಡು" ಅಂದ. ಕೇಳಿದಿ?

ಹುಮನಾಬಾದಿಗೆ ನಮ್ಮ ಮನಿಗೆ ಬಂದ ದಿನಾನ ನಾ ಎಡವಟ್ಟು ಮಾಡಿದೆ. ನಮ್ಮವ್ವ ಹೊಸಾ ಕೋಳಿ ತಂದ್ರ ಒಲಿ ಸುತ್ತ ಮೂರು ಸುತ್ತು ತಿರುವಿ ಬಿಡತಿದ್ದಳಲ್ಲ, ಅದು ಮನಿ ಮರೀಬಾರ್ದಂತ. ನಮ್ಮ ಮನ್ಯಾಗ ಈಗ ಒಲಿ ಎಲ್ಲದ? ಇರೂದು ಗ್ಯಾಸು, ಅದೂ ಗ್ವಾಡಿಗೆ ಹತ್ತಿಕೊಂಡು. ಸುತ್ತಾಕ ಜಾಗಾನ ಇಲ್ಲ. ಒಂದೊಂದ ಪಿಳ್ಳಿ ಕೈಯಾಗ ಹಿಡಿದು ಗ್ಯಾಸಿನ ಮ್ಯಾಲ ಮೂರು ಸರ್ತಿ ಆಡಿಸಿದೆ, ಆರತಿ ಎತ್ತಿದಂಗ. ನಮ್ಮ ಅತ್ತಿ ಬಾಗಲದಾಗ ಕುಂತು ನೋಡಿ, "ಹುರಿಯಾಕ ಹಿಡದೀಯೋ, ಮನಿ ತುಂಬಿಸ್ಕೊಳ್ಳಾಕ ಹಿಡದೀಯೋ?" ಅಂತ ನಕ್ಕಳು. ನನಗ ರೇಗಿತು. ಆತು, ಮುಗೀತು ಅಂತ ಹಿತ್ತಲಾಗ ನಮ್ಮ ಕೋಳಿ ನಡುವ ಬಿಟ್ಟುಬಿಟ್ಟೆ. ಅದೂ ನುಚ್ಚು ಚೆಲ್ಲಿದ ಹೊತ್ತಿನ್ಯಾಗ.

ಅಯ್ಯ ಶಿವನೇ, ಅದನ್ನ ನೀ ನೋಡಲಿಲ್ಲ, ಛಲೋ ಆತು. ನಮ್ಮ ಕೆಂಪಿ ಅಂತ ದೊಡ್ಡ ಕೋಳಿ ಅದ, ಹಿತ್ತಲೆಲ್ಲಾ ತನ್ನದ ಅನ್ನೋ ಹಂಗ ಇರತದ. ಅದು ಹೋಗಿ ಬಿಳಿ ಪಿಳ್ಳಿ ತಲಿಗೆ ಕುಕ್ಕಿತು. ಒಂದು ಹನಿ ರಕ್ತ ಬಂದಿದ್ದ ತಡ, ಉಳಿದವೆಲ್ಲಾ ಅಲ್ಲೇ ಕುಕ್ಕಾಕ ಬಿದ್ದವು. ನಾ ಕಸಬರಿಗಿ ತಗೊಂಡು ಓಡೋದ್ರಾಗ ಎಲುಬು ಕಾಣಾಕತ್ತಿತ್ತು. ಸುನಂದಾ ಚೀರಲಿಲ್ಲ, ಅಳಲಿಲ್ಲ. ಅದು ಸಾಯೋತನ ಕೈಯಾಗ ಹಿಡಕೊಂಡು ಕುಂತಳು, ಆಮ್ಯಾಲ ನುಗ್ಗಿ ಗಿಡದ ಬುಡಕ್ಕ ಹುಗದಳು.

"ಮಂದಿ ಮನೀವು ಮಂದಿ ಮನ್ಯಾಗ ಇದ್ರ ಚೆಂದ" ಅಂದಳು ಅತ್ತಿ, ಹುಡುಗಿಗೆ ಕೇಳಲಿ ಅಂತನ. ಆಕಿ ಬಂದ ಗಳಿಗಿಯಿಂದ ಅತ್ತಿದು ಇದ ನಡದಿತ್ತು. ತಾಟು ಯಾಕ ಇಲ್ಲಿಟ್ಟಿ, ನೀರು ಯಾರು ಚೆಲ್ಲಿದ್ರು, ಇದು ಎಷ್ಟನೇ ರೊಟ್ಟಿ. ನಮ್ಮವ್ರು ಕೇಳಿಸ್ಕೊಂಡು ಕೇಳದವ್ರಂಗ ಎದ್ದು ಹೋಗತಿದ್ರು. ನಾ ಎಷ್ಟಂತ ಜಗಳ ಮಾಡಲಿ? ಹುಡುಗಿ ಒಂದೊಂದ ರೊಟ್ಟಿ ಕಡಿಮಿ ಮಾಡಿಕೊಂತ ಬಂದಳು. ನಿನ್ನ ಹೊಟ್ಟ್ಯಾಗ ಹುಟ್ಟಿದ್ದು ನನ್ನ ಕಣ್ಣ ಮುಂದ ಬತ್ತಿ ಹೋಗಾಕತ್ತಿತ್ತು, ನನ್ನ ಕೈಲೆ ಏನೂ ಆಗಲಿಲ್ಲ.

ಒಂದಿನ ಉಳಿದ ಮೂರು ಪಿಳ್ಳಿನ್ನೂ ಕೆಂಪಿ ಕುಕ್ಕಾಕತ್ತಿತಂತ ಅವನ್ನ ಬುಟ್ಟಿ ಬೋರಲು ಹಾಕಿ ಮುಚ್ಚಾಕ ಹೋಗಿದ್ದೆ. ಸುನಂದಾ ಬಂದು ಬುಟ್ಟಿ ಹಿಡದಳು. "ಪಿಳ್ಳಿ ಅಲ್ಲ ಚಿಕ್ಕವ್ವ, ಕೆಂಪೀನ ಮುಚ್ಚಬೇಕು. ಅವ್ವ ಹಂಗ ಮಾಡತಿದ್ದಳು." ಆಕಿ ಬಾಯಾಗಿಂದ ಬಂದ ಮದಲನೇ ಮಾತು ಅಕ್ಕಾ! ನಾ ಬುಟ್ಟಿ ಅಲ್ಲೇ ಕೈಬಿಟ್ಟೆ.

ನಿನ್ನ ಉಪಾಯ ನನಗ್ಯಾಕ ಎಂದೂ ಹೇಳಿಲ್ಲ ನೀ? ಕೆಂಪೀನ ಬುಟ್ಟಿ ಕೆಳಗ ಹಾಕಿ, ಕಾಳು ನೀರು ಅಲ್ಲೇ ಇಟ್ಟಳು. ಪಿಳ್ಳಿ ಗಾಯಕ್ಕ ಅರಿಷಿಣ ಒತ್ತಿ ಕೆಂಪು ಕಾಣದಂಗ ಮಾಡಿದಳು. ದೊಡ್ಡಾಕಿ ಇಲ್ಲಂದ ಮ್ಯಾಲ ಉಳಿದ ಕೋಳಿ ಸಪ್ಪಗಾದವು. ಎರಡು ದಿನ ಗುರುಗುಟ್ಟಿ, ಆಮ್ಯಾಲ ಪಿಳ್ಳಿ ಜೋಡಿ ಕೆದರಾಕ ಹತ್ತಿದವು. ವಾರ ಬಿಟ್ಟು ಕೆಂಪೀನ ಹೊರಗ ಬಿಟ್ರ ಅದಕ್ಕ ಯಾರೂ ದಾರಿ ಬಿಡಲಿಲ್ಲ. ಈಗ ಅದೇ ಹೊಸಾದು! ನಾ ನಮ್ಮ ಅತ್ತಿ ಕಡಿ ನೋಡಿದೆ. ಅಷ್ಟು ದೊಡ್ಡ ಬುಟ್ಟಿ ಯಾವ ಸಂತ್ಯಾಗ ಸಿಗತದ ಹೇಳು.

ಮೊನ್ನಿ ಭಾವ ಬಂದ. ಬಾಗಲದಾಗ ಗಾಡಿ ಸಪ್ಪಳ ಕೇಳಿದ್ದ ತಡ ಸುನಂದಾ ಹಿತ್ತಲಕ್ಕ ಓಡಿದಳು. ಕೆಂಪಿ ಮಗ್ಗಲದಾಗ ಧೂಳಿನ್ಯಾಗ ಮಲಗಿದ್ದ ಮೂರೂ ಪಿಳ್ಳಿನ್ನ ಎತ್ತಿ ಬುಟ್ಟಿ ಕೆಳಗ ತುರುಕಿದಳು. ನಾ ನೋಡಿದೆ. ಅತ್ತಿನೂ ಕಟ್ಟಿ ಮ್ಯಾಲ ಕುಂತು ನೋಡಿದಳು.

"ಹೊಂದ್ಯಾವೇನು?" ಅಂದ ಭಾವ.

"ಇಲ್ಲ ಅಪ್ಪಾ, ಇನ್ನಾ ಕುಕ್ಕತಾವ" ಅಂದಳು ನೆಲ ನೋಡಿಕೊಂತ. ಕೆಂಪಿ ಬುಟ್ಟಿ ಸುತ್ತ ತಿರುಗಾಕತ್ತಿತ್ತು, ಅವನ್ನ ಹುಡಿಕ್ಕೊಂತ. ಭಾವಗ ಅದೇನು ತಿಳೀತದ, ತಾಟಿನ್ಯಾಗ ಬಂದ್ರ ಅಷ್ಟ ಆತಗ ಕೋಳಿ ಗುರ್ತು.

"ಹೊಂದಲಿ ಬಿಡಲಿ, ನಡಿ, ಅರಿವಿ ತುಂಬಿಕೋ" ಅಂದ. ಹುಡುಗಿ ಎರಡೂ ಕೈಲೆ ಬುಟ್ಟಿ ಒತ್ತಿ ಹಿಡದಳು. ನಾ ಏನನ್ನಲಿ? ಹಡದ ಅಪ್ಪ ಆತ. ನಾ ಸತ್ತಾಕಿ ತಂಗಿ.

"ಎಲ್ಲಿಗೆ ಒಯ್ತಿ ತಮ್ಮಾ?" ಅಂದಳು ಅತ್ತಿ. ನಮ್ಮ ಅತ್ತಿ, ಅಕ್ಕಾ! "ಈಕಿ ಹೋದ್ರ ಆ ಪಿಳ್ಳಿ ಉಳಿಯಂಗಿಲ್ಲ. ಒಂದು ಸತ್ತದ, ಕಣ್ಣಾರೆ ನೋಡೀನಿ. ಜೀವ ಬಿಡಾಕಿ ನಿನ್ನ ಮುಂದನ ಕೋಳಿ ನೋಡ್ಕೋ ಅಂದಾಳಂತ. ಸತ್ತಾಕಿ ಕಡೀ ಮಾತು ಮುರದು ಯಾವ ಮಾರಿ ಹೊತ್ತು ಊರಾಗ ತಿರುಗತಿ? ಇನ್ನಾ ಹೊಂದಿಲ್ಲ. ಹೊಂದಿದ ಮ್ಯಾಲ ಬಾ."

ಭಾವ ಬುಟ್ಟಿ ನೋಡಿದ, ನನ್ನ ನೋಡಿದ. ಆತಗೂ ದವಾಖಾನಿ ನೆನಪಾಗಿರಬೇಕು. ಚಾ ಸೈತ ಕುಡೀದ ಹ್ವಾದ.

ಗಾಡಿ ಸಪ್ಪಳ ದೂರಾದ ಮ್ಯಾಲ ನನಗ ಹೊಳೀತು. ಇದನ್ನ ತಿಳದ ಅಂದಿದ್ದೇನು ನೀ? ಮಗಳು ಅಂದಿದ್ರ "ನನ್ನ ಮಗಳು, ನಾ ನೋಡ್ಕೋತೀನಿ" ಅಂತಿದ್ದ ಭಾವ. ಕೋಳಿ ಅಂದಿದ್ದಕ್ಕ ಯಾರೂ ಬಾಯಿ ಹಾಕಲಿಲ್ಲ. ಖರೇ ಹೇಳು… ಇಲ್ಲಾ ಬರೇ ಕೋಳೀದ ಫಿಕರ್ ಇತ್ತೇನು ನಿನಗ? ನಾ ಅಡಗಿ ಮನ್ಯಾಗ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ.

ನಿನ್ನೆ ಬೂದಿ ಬಣ್ಣದ ಪಿಳ್ಳಿ ಮದಲನೇ ತತ್ತಿ ಇಟ್ಟದ, ಹೊಂದಿದ್ದಕ್ಕ ಇನ್ನೇನು ಗುರ್ತು ಬೇಕು. ಸುನಂದಾ ಅದನ್ನ ಬಿಸಿ ಬಿಸಿ ತಂದು ನನಗ ಕೊಡಲಿಲ್ಲ, ಅತ್ತಿ ಕೈಯಾಗ ಇಟ್ಟಳು. ಅತ್ತಿ ಅದನ್ನ ಜ್ವಾಳದ ಡಬ್ಬಿ ತಳಕ್ಕ ಮುಚ್ಚಿಟ್ಟು, "ಇದನ್ನ ಯಾರಿಗೂ ಹೇಳಬ್ಯಾಡ್ರಿ" ಅಂದಳು. ಆಮ್ಯಾಲ ಹುಡುಗಿ ತಾಟಿಗೆ ಮತ್ತೊಂದು ರೊಟ್ಟಿ ಹಾಕಿದಳು.

ಇಲ್ಲೇ ಸಾಲಿಗೆ ಹೆಸರು ಹಚ್ಚೀನಿ. ಭಾವ ಪಂಚಮಿಗೆ ಮತ್ತ ಬರತೀನಿ ಅಂತ ಹೇಳಿ ಕಳಿಸ್ಯಾನ. ಬರಲಿ. ಬುಟ್ಟಿ ಹಿತ್ತಲಾಗ ತಯಾರದ. ನಿನ್ನ ಪಿಳ್ಳಿ ಇನ್ನಾ ಹೊಂದಿಲ್ಲ ಅಕ್ಕಾ. ಸುನಂದಾನ ಸಾಲಿ ಮುಗಿಯೋತನ ಹೊಂದಂಗಿಲ್ಲ.

ನಿನ್ನ ತಂಗಿ,
ಶಾಂತಾ